ಉಲ್ಲೇಖ ಸಾಕು, ಬಾಲವೇಕೆ?

ಸುಳ್ಯದಿಂದ ಕಾಂತಮಂಗಲದ ಸೇತುವೆ ದಾಟಿ ಮಂಡೆಕೋಲಿನ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಅಜ್ಜಾವರ ನನ್ನ ಊರು. ಬೆಂಗಳೂರಿಗೆ ಬಂದು ಮೂರು ದಶಕ ಕಳೆದರೂ ತರವಾಡು ಮನೆಯ ನೇಮಕ್ಕೆ ವರ್ಷಕ್ಕೊಮ್ಮೆ ಹೋಗುವ ಕ್ರಮವನ್ನು ನಾನು ಬಿಟ್ಟಿಲ್ಲ. ಹಿಂದೆಲ್ಲ ನೇಮದ ದಿನ ತಿಳಿಯುತ್ತಿದ್ದುದು ದೊಡ್ಡಪ್ಪನವರು ಬರೆಯುತ್ತಿದ್ದ ಅಂಚೆ ಕಾರ್ಡಿನಿಂದ. ಅದರಲ್ಲಿ ನಾಲ್ಕೇ ಸಾಲು ಇರುತ್ತಿತ್ತು. ತಿಂಗಳು, ತಾರೀಕು, ವಾರ, ಕೊನೆಗೆ 'ಎಲ್ಲರೂ ಬರುವುದು'. ಕುಟುಂಬದ ಮಕ್ಕಳು ಬೆಂಗಳೂರು, ದುಬೈ, ಅಮೆರಿಕವೆಂದು ಹಂಚಿಹೋದ ಮೇಲೆ ಕಾರ್ಡಿನ ಜಾಗಕ್ಕೆ ಇ-ಮೇಲ್ ಬಂತು. ದೊಡ್ಡಪ್ಪನವರಿಗೂ ಮೊಮ್ಮಗನೊಬ್ಬ ಒಂದು ವಿಳಾಸ ಮಾಡಿಕೊಟ್ಟ. ವಾರಕ್ಕೊಮ್ಮೆ ಸುಳ್ಯ ಪೇಟೆಗೆ ಹೋದಾಗ ಅವರು ಸೈಬರ್ ಅಂಗಡಿಗೆ ಹೊಕ್ಕು, ಬಂದ ಓಲೆಗಳನ್ನು ಮುದ್ರಿಸಿಕೊಂಡು ಮನೆಗೆ ತರುತ್ತಿದ್ದರು. ಪರದೆಯ ಮೇಲೆ ಓದುವುದು ಅವರಿಗೆ ರುಚಿಸುತ್ತಿರಲಿಲ್ಲ.

2010ರ ಜನವರಿಯಲ್ಲಿ ದೊಡ್ಡಪ್ಪನವರ ಇಬ್ಬರು ಗಂಡುಮಕ್ಕಳು ಮತ್ತು ನಾನು ತಿಂಗಳ ಕಾಲ ಓಲೆ ಬರೆದುಕೊಂಡೆವು. ಮಾತು ಶುರುವಾದದ್ದು ಅವರ ಮಂಡಿನೋವಿನಿಂದ. ಅಲ್ಲಿಂದ ಅದು ಅಡಿಕೆ ತೋಟಕ್ಕೆ ಹೊರಳಿತು. ಹಳದಿ ಎಲೆ ರೋಗದ ಭಯ, ಆಳುಗಳ ಅಭಾವ, ವಯಸ್ಸಾದ ತಂದೆ ಒಬ್ಬರೇ ಇರುವ ಚಿಂತೆ ಎಲ್ಲ ಸೇರಿ 'ತೋಟ ಕೊಟ್ಟುಬಿಡುವುದು ಒಳ್ಳೆಯದಲ್ಲವೇ, ಯಾವ ಬೆಲೆ ಬಂದೀತು' ಎಂಬಲ್ಲಿಗೆ ಮುಟ್ಟಿತು. ಕೊನೆಗೆ ನೇಮದ ದಿನದ ಬಳಿ ಬಂದು ನಿಂತಿತು. ಒಂದು ರಾತ್ರಿ ನಾನು ಬಂದಿದ್ದ ಕೊನೆಯ ಓಲೆಗೆ 'ಉತ್ತರಿಸು' ಒತ್ತಿ, ನೇಮದ ದಿನವನ್ನು ಮೂರು ಸಾಲಿನಲ್ಲಿ ಬರೆದು, ತಿಳಿಸಬೇಕಾದವರ ಸಾಲಿಗೆ ದೊಡ್ಡಪ್ಪನವರ ವಿಳಾಸವನ್ನೂ ಸೇರಿಸಿ ಕಳುಹಿಸಿದೆ. ನನ್ನ ಮೂರು ಸಾಲಿನ ಕೆಳಗೆ ಇಡೀ ತಿಂಗಳ ಮಾತುಕತೆ ತೂಗಾಡುತ್ತಿತ್ತು. ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ನೇಮಕ್ಕೆ ಹೋದಾಗ ದೊಡ್ಡಪ್ಪನವರು ನಡುವಿನ ಕೋಣೆಯ ಮೇಜಿನಿಂದ ಒಂದು ಕಾಗದದ ಕಟ್ಟನ್ನು ತೆಗೆದು ಮುಂದಿಟ್ಟರು. ಹನ್ನೊಂದು ಪುಟ. ಅವರು ಜಿಲ್ಲೆಯ ತಾಲೂಕು ಕಚೇರಿಗಳಲ್ಲಿ ಗುಮಾಸ್ತರಾಗಿ ದುಡಿದು ಶಿರಸ್ತೇದಾರರಾಗಿ ನಿವೃತ್ತರಾದವರು. "ಎಂತ ಮಾರಾಯ ಇದು? ನೇಮದ ದಿನ ತಿಳಿಸಲಿಕ್ಕೆ ಹನ್ನೊಂದು ಪುಟವಾ? ಒಂದು ಉಲ್ಲೇಖ ಹಾಕಿದ್ದರೆ ಸಾಕಿತ್ತಲ್ಲ. ಇಡೀ ಕಡತವನ್ನೇ ಹೊರಿಸಿ ಕಳಿಸಿದ್ದೀಯಲ್ಲ!" ಎಂದು ನಕ್ಕರು. ನಾನೂ ನಕ್ಕೆ. ಎಲೆಯಡಿಕೆ ಹಾಕಿಕೊಂಡ ಮೇಲೆ, ಅಂಗಳದ ಕಡೆ ನೋಡುತ್ತ, "ಒಂಬತ್ತನೇ ಪುಟವನ್ನೂ ಓದಿದೆ" ಎಂದರು. ತೋಟ ಮಾರುವ ಮಾತು ಇದ್ದುದು ಆ ಪುಟದಲ್ಲಿ.

ಅಂದು ನನಗಾದ ಸಂಕೋಚವನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ. ತಪ್ಪು ನನ್ನದೇ, ಅದರ ಹೊಣೆಯನ್ನು ಯಂತ್ರದ ಮೇಲೆ ಹಾಕಲಾರೆ. ಆದರೆ ಇದೇ ತಪ್ಪು ದಿನವೂ ಸಾವಿರಾರು ಕಚೇರಿ, ಶಾಲೆ, ಕುಟುಂಬಗಳಲ್ಲಿ ನಡೆಯುತ್ತಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪ್ರತಿಯೊಂದು ಉತ್ತರದ ಅಡಿಯಲ್ಲೂ ಹಿಂದಿನ ಎಲ್ಲ ಓಲೆಗಳನ್ನು ಹೊತ್ತು ಸಾಗಿಸುವುದು ಇ-ಮೇಲಿನ ಸಹಜ ಧರ್ಮವೇನಲ್ಲ, ಅದು ನಾವು ಪ್ರಶ್ನಿಸದೆ ಒಪ್ಪಿಕೊಂಡ ಒಂದು ಕೆಟ್ಟ ರೂಢಿ. ಅದನ್ನು ಬಿಡುವುದಕ್ಕೆ ಬೇಕಾದ ಶಿಸ್ತು ನಮ್ಮ ಕಚೇರಿಯ ಪತ್ರದಲ್ಲಿ, ಮನೆಯ ಕಾಗದದಲ್ಲಿ ಮೊದಲಿನಿಂದಲೂ ಇತ್ತು.

ಕನ್ನಡದ ಯಾವುದೇ ಸರ್ಕಾರಿ ಪತ್ರವನ್ನು ತೆಗೆದು ನೋಡಿ. ಮಾನ್ಯರೇ ಎಂದಾದ ಮೇಲೆ ಎರಡು ಸಾಲು ಬರುತ್ತವೆ: ವಿಷಯ, ಉಲ್ಲೇಖ. ಉಲ್ಲೇಖದಲ್ಲಿ ಹಿಂದಿನ ಪತ್ರದ ಸಂಖ್ಯೆ ಮತ್ತು ದಿನಾಂಕ ಮಾತ್ರ ಇರುತ್ತದೆ. ಆ ಪತ್ರ ಬೇಕಾದವರು ಕಡತದಲ್ಲಿ ಹುಡುಕಿ ತೆಗೆಯುತ್ತಾರೆ. ಹಳೆಯ ಪತ್ರವನ್ನು ಮತ್ತೆ ಬೆರಳಚ್ಚು ಮಾಡಿ ಹೊಸ ಪತ್ರದ ಕೆಳಗೆ ಅಂಟಿಸಿದ ಗುಮಾಸ್ತನನ್ನು ಯಾವ ತಹಸೀಲ್ದಾರರೂ ಸಹಿಸುತ್ತಿರಲಿಲ್ಲ. ಕಡತದ ಒಳಗೂ ಇದೇ ನೀತಿ. ಟಿಪ್ಪಣಿ ಹಾಳೆ ಬೇರೆ, ಪತ್ರವ್ಯವಹಾರದ ಭಾಗ ಬೇರೆ. ಟಿಪ್ಪಣಿಯ ಪ್ರತಿ ಕಂಡಿಕೆಗೂ ಅನುಕ್ರಮ ಸಂಖ್ಯೆ. ಮೇಲಧಿಕಾರಿ 'ಕಂಡಿಕೆ 12ರಲ್ಲಿ ಪ್ರಸ್ತಾಪಿಸಿದಂತೆ ಅನುಮೋದಿಸಿದೆ' ಎಂದು ಬರೆದರೆ ಮುಗಿಯಿತು. ಹನ್ನೆರಡನೆಯ ಕಂಡಿಕೆಯನ್ನು ಅವರು ನಕಲು ಮಾಡುವುದಿಲ್ಲ.

ನಮ್ಮ ಕಚೇರಿಗಳ ವಿಳಂಬವನ್ನು, ಕೆಂಪುಪಟ್ಟಿಯ ಮೋಹವನ್ನು ನಾನು ಹೊಗಳುತ್ತಿಲ್ಲ. ಕಡತಗಳ ನಡುವೆ ಕಳೆದುಹೋದ ಬಡವರ ಅರ್ಜಿಗಳ ಲೆಕ್ಕ ಇಟ್ಟವರು ಯಾರು? ಆದರೂ ಒಂದು ವಿಷಯವನ್ನು ಎಷ್ಟು ಸಲ ಬರೆಯಬೇಕು, ಎಲ್ಲಿ ಬರೆದಿಡಬೇಕು, ಬೇರೆ ಕಡೆಯಿಂದ ಅದನ್ನು ಹೇಗೆ ಬೆರಳು ಮಾಡಿ ತೋರಿಸಬೇಕು ಎಂಬ ಪ್ರಶ್ನೆಗೆ ಆ ಪದ್ಧತಿ ಕೊಟ್ಟ ಉತ್ತರ ಅಚ್ಚುಕಟ್ಟಾದದ್ದು. ಒಮ್ಮೆ ಬರೆ, ಒಂದು ಕಡೆ ಇಡು, ಸಂಖ್ಯೆಯಿಂದ ತೋರಿಸು. ಇಂದಿನ ಗಣಕ ವಿಜ್ಞಾನದ ವಿದ್ಯಾರ್ಥಿಗೆ ದತ್ತಸಂಚಯವನ್ನು ಕಟ್ಟುವ ಮೊದಲ ಪಾಠವಾಗಿ ಕಲಿಸುವುದೂ ಹೆಚ್ಚುಕಡಿಮೆ ಇದನ್ನೇ.

ಮನೆಯ ಕಾಗದವೂ ಬೇರೆಯಾಗಿರಲಿಲ್ಲ. 'ನೀವು ಇಂಥ ತಾರೀಕಿಗೆ ಬರೆದ ಕಾಗದ ತಲುಪಿ ಸಂಗತಿ ತಿಳಿಯಿತು' ಎಂಬ ಒಕ್ಕಣೆಯನ್ನು ನಮ್ಮ ಪೀಳಿಗೆಯವರು ಬಾಯಿಪಾಠ ಮಾಡಿದ್ದೇವೆ. ಅದೂ ಒಂದು ಉಲ್ಲೇಖವೇ. ಇನ್‌ಲ್ಯಾಂಡ್ ಪತ್ರದ ನೀಲಿ ಹಾಳೆಯಲ್ಲಿ ಜಾಗ ಇದ್ದುದೇ ಅಷ್ಟು. 2013ರ ಜುಲೈಯಲ್ಲಿ ನಿಂತುಹೋದ ತಂತಿಯಲ್ಲಂತೂ ಪದಕ್ಕಿಷ್ಟು ಎಂದು ದುಡ್ಡು ತೆರಬೇಕಿತ್ತು. ಜಾಗಕ್ಕೂ ಪದಕ್ಕೂ ಬೆಲೆ ಇದ್ದಾಗ ಜನ ಅಳೆದು ಬರೆಯುತ್ತಿದ್ದರು. ಬೆರಳಚ್ಚು ಯಂತ್ರದಲ್ಲಿ ಕಾರ್ಬನ್ ಕಾಗದ ಇಟ್ಟು ತೆಗೆಯಬಹುದಾದ ಪ್ರತಿಗಳಿಗೂ ಮಿತಿ ಇತ್ತು, ಕೊನೆಯ ಪ್ರತಿ ಓದಲು ಬಾರದಷ್ಟು ಮಸುಕಾಗುತ್ತಿತ್ತು. ಆದ್ದರಿಂದ ಪ್ರತಿ ನಿಜವಾಗಿ ಯಾರಿಗೆ ಬೇಕು ಎಂದು ಯೋಚಿಸುವುದು ಅನಿವಾರ್ಯವಾಗಿತ್ತು. ಇಂದು ಇ-ಮೇಲಿನ 'ಸಿಸಿ' ಎಂಬ ಎರಡಕ್ಷರದಲ್ಲಿ ಕಾರ್ಬನ್ನಿನ ನೆನಪು ಉಳಿದಿದೆ, ಆ ಯೋಚನೆ ಹೋಗಿದೆ.

ಈ ಬಾಲ ಎಷ್ಟು ಬೆಳೆಯುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಹಾಕೋಣ. ಒಂದೇ ಗಾತ್ರದ ಮೂವತ್ತು ಓಲೆಗಳು ಒಂದರ ಹಿಂದೆ ಒಂದು ಬಂದವು ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರೂ ತಮ್ಮ ಮಾತನ್ನಷ್ಟೇ ಬರೆದರೆ ಒಟ್ಟು ಮೂವತ್ತು ಓಲೆಗಳ ತೂಕ. ಪ್ರತಿಯೊಬ್ಬರೂ ಹಿಂದಿನದನ್ನೆಲ್ಲ ಹೊತ್ತು ತಂದರೆ ಮೊದಲನೆಯದು ಒಂದು, ಎರಡನೆಯದು ಎರಡು, ಮೂವತ್ತನೆಯದು ಮೂವತ್ತು. ಒಟ್ಟು 465 ಓಲೆಗಳ ತೂಕ. ಹದಿನೈದು ಪಟ್ಟಿಗೂ ಹೆಚ್ಚು. ಮೂವತ್ತು ಅರವತ್ತಾದರೆ ತೂಕ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ಲಂಕೆಯಲ್ಲಿ ಹನುಮಂತನ ಬಾಲಕ್ಕೆ ಸುತ್ತಿದಷ್ಟೂ ಬಟ್ಟೆ ಸಾಲದಾದ ಕಥೆ ಇದು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ, ಅಂದರೆ ಮೂಲಾಕ್ಷರ, ಸ್ವರಚಿಹ್ನೆ, ಒತ್ತಕ್ಷರ ಮೂಡಿಸುವ ಹಲಂತ ಇವುಗಳಲ್ಲಿ ಒಂದೊಂದಕ್ಕೂ, ಮೂರು ಬೈಟ್ ಬೇಕು. 'ಅಜ್ಜಾವರ' ಎಂಬ ಊರಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 8 ಬೈಟ್. ಕನ್ನಡದಲ್ಲಿ ಏಳು ಚಿಹ್ನೆಗಳಿಗೆ 21. ಇ-ಮೇಲ್ ವ್ಯವಸ್ಥೆ ಹುಟ್ಟಿದ್ದೇ ಇಂಗ್ಲಿಷ್ ಅಕ್ಷರಗಳಿಗಾಗಿ. ಆದ್ದರಿಂದ ಕನ್ನಡದ ಪಠ್ಯವನ್ನು ಸಾಗಿಸುವಾಗ ಅದನ್ನು ಸಾಮಾನ್ಯವಾಗಿ ಇನ್ನೊಂದು ವೇಷದಲ್ಲಿ ಕಟ್ಟಿ ಕಳುಹಿಸಲಾಗುತ್ತದೆ. 'ಬೇಸ್64' ಎಂಬ ವಿಧಾನದಲ್ಲಿ ಆ 21 ಬೈಟ್ 28 ಆಗುತ್ತದೆ. 'ಕೋಟೆಡ್ ಪ್ರಿಂಟಬಲ್' ಎಂಬ ಇನ್ನೊಂದು ವಿಧಾನದಲ್ಲಿ 63! ಇದಕ್ಕೆ ಮದ್ದೆಂದು ಕನ್ನಡ ಬರೆಯುವುದನ್ನು ಬಿಡಬೇಕೆಂದು ಹೇಳುವವನು ನಾನಲ್ಲ. ನಮ್ಮ ಭಾಷೆಯ ಓಲೆ ಹುಟ್ಟಿನಿಂದಲೇ ತುಸು ಭಾರವಾಗಿರುವಾಗ ಅದೇ ಮಾತನ್ನು ಮೂವತ್ತು ಸಲ ಹೊರಿಸುವುದು ಇನ್ನೂ ಹೆಚ್ಚಿನ ದುಂದು ಎಂಬುದಷ್ಟೇ ನನ್ನ ವಾದ.

ಅಷ್ಟಕ್ಕೇ ಮುಗಿಯುವುದಿಲ್ಲ. ಬಣ್ಣ, ದಪ್ಪಕ್ಷರ ಇರುವ ಓಲೆಯನ್ನು ಅನೇಕ ತಂತ್ರಾಂಶಗಳು ಎರಡು ರೂಪದಲ್ಲಿ ಒಟ್ಟಿಗೆ ಕಳುಹಿಸುತ್ತವೆ: ಒಂದು ಸಾದಾ ಪಠ್ಯ, ಇನ್ನೊಂದು ಅಲಂಕೃತ ಪಠ್ಯ. ಬಾಲವೂ ಎರಡೆರಡು. ಸಾವಿರ ಚಿಹ್ನೆಗಳ ಒಂದು ಕನ್ನಡ ಓಲೆಗೆ ಬೇಸ್64ರಲ್ಲಿ ನಾಲ್ಕು ಕಿಲೋಬೈಟ್ ಎಂದೂ, ಎರಡು ರೂಪ ಸೇರಿ ಎಂಟು ಎಂದೂ ಹಿಡಿಯೋಣ. ಮೂವತ್ತು ಓಲೆ ಬಾಲವಿಲ್ಲದೆ ಹೋದರೆ 240 ಕಿಲೋಬೈಟ್. ಬಾಲ ಸಹಿತ ಹೋದರೆ 3,720. ಇಪ್ಪತ್ತೈದು ಜನರ ಪೆಟ್ಟಿಗೆಗಳಿಗೆ ಹೋದರೆ ಮೊದಲನೆಯದು ಆರು ಮೆಗಾಬೈಟ್, ಎರಡನೆಯದು 93. ಇದರಲ್ಲಿ ಚಿತ್ರವಿಲ್ಲ, ಲಾಂಛನವಿಲ್ಲ. ಎಲ್ಲವೂ ಆಗಲೇ ಎಲ್ಲರೂ ಓದಿ ಮುಗಿಸಿದ ಮಾತು.

ಲಾಂಛನದ ಮಾತು ಬಂದದ್ದರಿಂದ ಕಂಪೆನಿಗಳ ಓಲೆಗಳನ್ನು ನೆನೆಯಲೇಬೇಕು. 'ಆಗಲಿ' ಎಂಬ ಒಂದು ಪದದ ಉತ್ತರ. ಅದರ ಕೆಳಗೆ ಬರೆದವರ ಹೆಸರು, ಹುದ್ದೆ, ಮೂರು ದೂರವಾಣಿ ಸಂಖ್ಯೆ, ಬಣ್ಣದ ಲಾಂಛನ. ಅದರ ಕೆಳಗೆ 'ಈ ಓಲೆ ಗೋಪ್ಯವಾದದ್ದು, ನಿಮ್ಮದಲ್ಲದಿದ್ದರೆ ಅಳಿಸಿಬಿಡಿ' ಎಂಬ ಕಾನೂನಿನ ಎಚ್ಚರಿಕೆ. ಎಲ್ಲಕ್ಕೂ ಕೆಳಗೆ ಹಸಿರು ಬಣ್ಣದಲ್ಲಿ 'ಮುದ್ರಿಸುವ ಮುನ್ನ ಪರಿಸರದ ಬಗ್ಗೆ ಯೋಚಿಸಿ' ಎಂಬ ಉಪದೇಶ. ಹತ್ತು ಉತ್ತರಗಳಾದಾಗ ಈ ಉಪದೇಶ ಹತ್ತು ಸಲ ಬರುತ್ತದೆ. ಯಾರಾದರೂ ಮುದ್ರಿಸಿದರೆ ಉಪದೇಶದಿಂದಲೇ ಒಂದು ಹಾಳೆ ಹೆಚ್ಚಾಗುತ್ತದೆ. ದೊಡ್ಡಪ್ಪನವರ ಹನ್ನೊಂದು ಪುಟಗಳಲ್ಲಿ ನನ್ನ ತಮ್ಮನ ಕಂಪೆನಿಯ ಎಚ್ಚರಿಕೆಯೇ ಒಂದೂವರೆ ಪುಟದಷ್ಟು ಇತ್ತು.

ಇಲ್ಲಿ ಒಂದು ಆಕ್ಷೇಪ ಏಳುವುದು ನ್ಯಾಯ. ಮೊಬೈಲಿನಲ್ಲಿ ಕಳುಹಿಸುವ ಒಂದು ಮದುವೆಯ ವಿಡಿಯೊದ ಮುಂದೆ ವರ್ಷಪೂರ್ತಿ ಬೆಳೆದ ಓಲೆಯ ಬಾಲವೂ ಗಾತ್ರದಲ್ಲಿ ಏನೇನೂ ಅಲ್ಲ. ಸಂಗ್ರಹಣೆ ಅಗ್ಗವಾಗಿದೆ. 2004ರ ಏಪ್ರಿಲಿನಲ್ಲಿ ಜಿಮೇಲ್ ಬಂದಾಗ ಒಂದು ಗಿಗಾಬೈಟ್ ಜಾಗವನ್ನು ಉಚಿತವಾಗಿ ಕೊಟ್ಟಿತು. ಅಲ್ಲಿಯವರೆಗೆ ಕೆಲವೇ ಮೆಗಾಬೈಟ್‌ಗಳಲ್ಲಿ ಸಂಸಾರ ಮಾಡುತ್ತಿದ್ದ ನಮಗೆ ಅದು ಕುಬೇರನ ಭಂಡಾರದಂತೆ ಕಂಡಿತ್ತು. ಕಂಪೆನಿಗಳ ಸರ್ವರುಗಳಲ್ಲಿ ಒಂದೇ ಓಲೆ ಹಲವರಿಗೆ ಹೋದಾಗ ಒಂದು ಪ್ರತಿಯನ್ನಷ್ಟೇ ಇಟ್ಟು ಎಲ್ಲರಿಗೂ ತೋರಿಸುವ ಏರ್ಪಾಡು ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ತಂತ್ರಾಂಶದಲ್ಲಿತ್ತು. ಅದನ್ನು 2010ರ ಆವೃತ್ತಿಯಲ್ಲಿ ಕೈಬಿಡಲಾಯಿತು. ಡಿಸ್ಕ್ ಅಗ್ಗ, ವೇಗ ಮುಖ್ಯ ಎಂಬುದು ಅದರ ಹಿಂದಿನ ತರ್ಕ. ಆದ್ದರಿಂದ ಬೈಟ್‌ಗಳ ಲೆಕ್ಕವೊಂದನ್ನೇ ನೆಚ್ಚಿದರೆ ನನ್ನ ವಾದ ನಿಲ್ಲುವುದಿಲ್ಲ ಎಂದು ಒಪ್ಪುತ್ತೇನೆ.

ಆದರೆ ಅಗ್ಗವೆಂಬುದು ಎಲ್ಲಿ ನಿಂತು ಹೇಳುತ್ತೇವೆ ಎಂಬುದನ್ನು ಅವಲಂಬಿಸಿದೆ. 2021ರ ಜೂನಿನಲ್ಲಿ ನಮ್ಮ ಸುಳ್ಯ ತಾಲೂಕಿನ ಬಳ್ಳಕದಲ್ಲಿ, ಸುರಿಯುವ ಮಳೆಯಲ್ಲಿ ರಸ್ತೆಯ ಬದಿ ಕುಳಿತು ಆನ್‌ಲೈನ್ ತರಗತಿ ಕೇಳುತ್ತಿದ್ದ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತು. ಮನೆಯಲ್ಲಿ ಸಿಗ್ನಲ್ ಇಲ್ಲದವರ ಪಾಡು ಅದು. ಕಾಡು, ಗುಡ್ಡ, ಕಣಿವೆಗಳ ನಮ್ಮ ಕಡೆ ಮಳೆಗಾಲದಲ್ಲಿ ವಿದ್ಯುತ್ ಹೋದರೆ ಅದರ ಹಿಂದೆಯೇ ಟವರೂ ಮಲಗುತ್ತದೆ. ಗುಡ್ಡೆಯ ತುದಿಯಲ್ಲಿ ನಿಂತು, ಎರಡು ಕಡ್ಡಿ ಸಿಗ್ನಲ್ ಹಿಡಿದು, ಬ್ಯಾಂಕಿನಿಂದಲೋ ಕಾಲೇಜಿನಿಂದಲೋ ಬಂದ ಓಲೆ ತೆರೆದುಕೊಳ್ಳಲಿ ಎಂದು ಕಾಯುವವರಿಗೆ ಲಾಂಛನಗಳ, ಎಚ್ಚರಿಕೆಗಳ ಆ ಬಾಲ ಅಗ್ಗದ್ದಲ್ಲ. ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಓಲೆ ಕಳುಹಿಸುವವರಿಗೆ ಇದು ಕಾಣುವುದಿಲ್ಲ ಅಷ್ಟೆ.

ಯಂತ್ರಕ್ಕಿಂತಲೂ ಹೆಚ್ಚು ಖರ್ಚಾಗುವುದು ಮನುಷ್ಯನ ಗಮನ. ಬಾಲವುಳ್ಳ ಓಲೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಯಕ್ಷಗಾನವನ್ನು ಮಂಗಳದಿಂದ ಶುರುಮಾಡಿ ಪೂರ್ವರಂಗದಲ್ಲಿ ಮುಗಿಸಿದಂತೆ. ನಮ್ಮೂರಿನ ಕಡೆಯ ತಾಳಮದ್ದಳೆಯನ್ನು ಕೇಳಿದವರಿಗೆ ಉತ್ತರ ಕೊಡುವ ಕಲೆಯನ್ನು ವಿವರಿಸಬೇಕಾಗಿಲ್ಲ. ಒಳ್ಳೆಯ ಅರ್ಥಧಾರಿ ಎದುರಾಳಿಯ ಅರ್ಧ ಗಂಟೆಯ ಮಾತಿನಿಂದ ತನಗೆ ಬೇಕಾದ ಒಂದು ಎಳೆಯನ್ನು ಎತ್ತಿಕೊಳ್ಳುತ್ತಾನೆ. 'ನೀನು ಹೇಳಿದ್ದು ಇಷ್ಟಲ್ಲವೇ' ಎಂದು ಒಂದೇ ಮಾತಿನಲ್ಲಿ ಹೇಳಿ, ಅದಕ್ಕೆ ತನ್ನ ಉತ್ತರವನ್ನು ಜೋಡಿಸುತ್ತಾನೆ. ಎದುರಾಳಿಯ ಇಡೀ ಅರ್ಥವನ್ನು ಪುನಃ ಹೇಳಿ ಆಮೇಲೆ ಉತ್ತರಿಸಲು ಹೊರಟರೆ ಕರ್ಣಾರ್ಜುನರ ಕಾಳಗಕ್ಕೆ ಮೊದಲೇ ಬೆಳಗಾದೀತು. ಆ ಒಂದು ಎಳೆಯನ್ನು ಎತ್ತಿಕೊಳ್ಳುವುದಕ್ಕೆ ಎದುರಾಳಿಯ ಮಾತನ್ನು ಪೂರ್ತಿ ಕೇಳಿರಬೇಕು. ಬಾಲವನ್ನು ಹಾಗೆಯೇ ಬಿಡುವವನು ಅನೇಕ ಸಲ ಓದಿರುವುದೇ ಇಲ್ಲ ಎಂಬುದು ನನ್ನ ಅನುಭವ.

ಕುತೂಹಲದ ಸಂಗತಿಯೆಂದರೆ, ಇ-ಮೇಲನ್ನು ರೂಪಿಸಿದವರಿಗೆ ಈ ಸೂಕ್ಷ್ಮ ಗೊತ್ತಿತ್ತು. ಪ್ರತಿಯೊಂದು ಓಲೆಗೂ ಬೇರಾವುದಕ್ಕೂ ಇಲ್ಲದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಉತ್ತರ ಬರೆದಾಗ 'ಇದು ಇಂಥ ಓಲೆಗೆ ಉತ್ತರ' ಎಂಬ ಒಂದು ಸಾಲು, ಹಿಂದಿನ ಓಲೆಗಳ ಗುರುತುಗಳ ಇನ್ನೊಂದು ಸಾಲು ತಲೆಬರಹದಲ್ಲಿ ತಾನಾಗಿ ಸೇರಿಕೊಳ್ಳಬಹುದು. 1982ರಲ್ಲಿ ಪ್ರಕಟವಾದ ಇ-ಮೇಲಿನ ಮಾದರಿ ನಿಯಮಾವಳಿಯಲ್ಲಿಯೇ ಈ ಸಾಲುಗಳಿಗೆ ಸ್ಥಾನವಿದೆ. ಆ ಎರಡನೆಯ ಸಾಲಿನ ಹೆಸರು 'ರೆಫರೆನ್ಸಸ್', ಅಂದರೆ ಉಲ್ಲೇಖಗಳು! ತಹಸೀಲ್ದಾರರ ಕಚೇರಿಯ ಪತ್ರದಲ್ಲಿ ಯಾವ ಕೆಲಸಕ್ಕಾಗಿ ಆ ಪದವಿದೆಯೋ ಇಲ್ಲಿಯೂ ಅದೇ ಕೆಲಸಕ್ಕಾಗಿ ಇದೆ. ಇಂದಿನ ಅಂಚೆಪೆಟ್ಟಿಗೆಗಳು ಒಂದು ಮಾತುಕತೆಯ ಓಲೆಗಳನ್ನೆಲ್ಲ ಸಾಲಾಗಿ ಪೋಣಿಸಿ ತೋರಿಸುವುದಕ್ಕೆ ಈ ಗುರುತುಗಳೇ ಬಹುಮಟ್ಟಿಗೆ ಆಧಾರ. ಹಾಗಿದ್ದ ಮೇಲೆ ಹಿಂದಿನ ಪಠ್ಯವನ್ನೂ ಮತ್ತೆ ಹೊರುವುದು ಕಡತವನ್ನು ಕೈಯಲ್ಲಿ ಹಿಡಿದುಕೊಂಡು ಅದರ ನಕಲನ್ನು ತಲೆಯ ಮೇಲೆ ಹೊತ್ತಂತೆ.

1995ರ ಅಕ್ಟೋಬರಿನಲ್ಲಿ ಅಂತರಜಾಲದ ತಾಂತ್ರಿಕ ಸಮುದಾಯ ಶಿಷ್ಟಾಚಾರದ ಒಂದು ಕೈಪಿಡಿಯನ್ನು ಹೊರತಂದಿತು. ಆರ್‌ಎಫ್‌ಸಿ 1855 ಎಂಬ ಸಂಖ್ಯೆಯ ಆ ಕೈಪಿಡಿ ಉತ್ತರ ಬರೆಯುವವರಿಗೆ ಹೇಳುವ ಬುದ್ಧಿಮಾತು ಸರಳ: ಮೂಲ ಓಲೆಯ ಸಾರಾಂಶವನ್ನು ಕೊಡಿ, ಇಲ್ಲವೇ ಸಂದರ್ಭ ತಿಳಿಯುವುದಕ್ಕೆ ಬೇಕಾದಷ್ಟು ಭಾಗವನ್ನು ಮಾತ್ರ ಉದ್ಧರಿಸಿ. ಸಹಿಯ ಭಾಗ ನಾಲ್ಕು ಸಾಲು ಮೀರದಿರಲಿ ಎಂದೂ ಅದು ಸೂಚಿಸಿತ್ತು. ಮುಂದೆ ಕಚೇರಿಗಳಲ್ಲಿ ಬಳಕೆಗೆ ಬಂದ ತಂತ್ರಾಂಶಗಳು ಉತ್ತರವನ್ನು ಮೇಲೆ, ಹಿಂದಿನದನ್ನೆಲ್ಲ ಕೆಳಗೆ ಇಡುವುದನ್ನೇ ತಾವಾಗಿ ನಡೆಯುವ ಕ್ರಮ ಮಾಡಿದವು. ಯಂತ್ರ ತಾನಾಗಿ ಮಾಡುವುದನ್ನು ಬದಲಿಸುವ ಗೋಜಿಗೆ ಹೋಗುವವರು ಕಡಿಮೆ. ಶಿಷ್ಟಾಚಾರ ಸೋತದ್ದು ವಾದದಲ್ಲಿ ಅಲ್ಲ, ಸೆಟ್ಟಿಂಗ್‌ನಲ್ಲಿ.

ಆಮೇಲೆ ಬಂದ ತಂತ್ರಾಂಶಗಳು ಬಾಲವನ್ನು ಮೂರು ಚುಕ್ಕೆಗಳ ಹಿಂದೆ ಅಡಗಿಸಿ ಇಟ್ಟವು. ಕಣ್ಣಿಗೆ ಹಿತವಾಯಿತು ನಿಜ. ಆದರೆ ಅಡಗಿಸುವುದು ಬೇರೆ, ತೆಗೆಯುವುದು ಬೇರೆ. ಕಸವನ್ನು ಚಾಪೆಯ ಅಡಿಗೆ ಗುಡಿಸಿದಂತಾಯಿತು. ಚಾಪೆಯನ್ನು ಎತ್ತಿ ಇನ್ನೊಬ್ಬರ ಮನೆಗೆ ಕೊಟ್ಟಾಗ ಕಸವೂ ಜೊತೆಗೆ ಹೋಗುತ್ತದೆ. ನನ್ನ ವಿಷಯದಲ್ಲಿ ಆದದ್ದು ಇದೇ. ಸಂಬಳದ ಚರ್ಚೆ, ಅಭ್ಯರ್ಥಿಯೊಬ್ಬರ ಬಗೆಗಿನ ಅಭಿಪ್ರಾಯ, ರೋಗಿಯ ವರದಿ, ವರನ ಕಡೆಯವರ ಬಗ್ಗೆ ಆಡಿದ ಮಾತು, ಇಂಥವು ಯಾರಿಗೆ ತಲುಪಬಾರದೋ ಅವರಿಗೇ ತಲುಪುವ ಹಾದಿ ಇದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯಿದೆ ಮಾಡಿತು. ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ ಎಂಬ ತತ್ವ ಅದರಲ್ಲಿದೆ. ಕಾಯಿದೆ ಅನ್ವಯಿಸದ ಮನೆಯೊಳಗಿನ ಓಲೆಗೂ ಆ ತತ್ವ ಒಪ್ಪುವಂಥದ್ದೇ. ಮಾತು ಆಡುವಾಗ ಯಾರು ಎದುರಿಗಿದ್ದಾರೆ ಎಂದು ನೋಡಿ ಆಡುತ್ತೇವೆ. ಬಾಲವಾದರೋ ಹಿಂದೆ ಆಡಿದ ಮಾತನ್ನು ಮುಂದೆ ಬರಲಿರುವವರ ಎದುರಿಗೆ ತಂದು ಸುರಿಯುತ್ತದೆ.

ಇದಕ್ಕೆ ಪ್ರತಿಯಾಗಿ ಮುಖ್ಯವಾಗಿ ಎರಡು ವಾದಗಳನ್ನು ಕೇಳಿದ್ದೇನೆ. ಮೊದಲನೆಯದು, ದಾಖಲೆ ಇರಬೇಕಲ್ಲ ಎಂಬುದು. ದಾಖಲೆ ಇರಲೇಬೇಕು. ಆದರೆ ಬಾಲ ಒಳ್ಳೆಯ ದಾಖಲೆಯಲ್ಲ. ಉತ್ತರಿಸುವವರು ಅದರಲ್ಲಿ ಒಂದು ಪದವನ್ನು ಅಳಿಸಬಹುದು, ಒಂದು ಸೊನ್ನೆಯನ್ನು ಸೇರಿಸಬಹುದು, ಓದುವವರಿಗೆ ತಿಳಿಯುವುದಿಲ್ಲ. ತಲೆಬರಹ ಸಹಿತ ಇರುವ ಮೂಲ ಓಲೆಯೇ ದಾಖಲೆ, ಅದು ಕಳುಹಿಸಿದವರ ಹಾಗೂ ಪಡೆದವರ ಪೆಟ್ಟಿಗೆಗಳಲ್ಲಿ ಇರುತ್ತದೆ. ಹನ್ನೊಂದು ನಕಲು ಇದ್ದ ಮಾತ್ರಕ್ಕೆ ಮೂಲದ ಬಲ ಹೆಚ್ಚುವುದಿಲ್ಲ. ನಕಲುಗಳ ನಡುವೆ ವ್ಯತ್ಯಾಸ ಕಂಡರೆ ಯಾವುದು ನಿಜ ಎಂಬ ಹೊಸ ತಂಟೆ ಹುಟ್ಟುತ್ತದೆ. ಆರ್‌ಟಿಸಿಯ ನಕಲುಗಳಲ್ಲಿ ಹೆಸರು ಬೇರೆ ಬೇರೆಯಾಗಿ ಕೋರ್ಟು ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು, ನಡುವೆ ಸೇರಿಕೊಂಡವರಿಗೆ ಹಿನ್ನೆಲೆ ತಿಳಿಯಬೇಡವೇ ಎಂಬುದು. ಈ ವಾದದಲ್ಲಿ ಹುರುಳಿದೆ. ಹೊಸಬರಿಗೆ ಹಿಂದಿನ ಓಲೆ ಸಿಕ್ಕಿರುವುದಿಲ್ಲ, ಬರಿಯ ಉಲ್ಲೇಖದಿಂದ ಅವರಿಗೆ ಪ್ರಯೋಜನವಿಲ್ಲ. ಆದರೆ ಇಪ್ಪತ್ತು ಓಲೆಗಳನ್ನು ತಲೆಕೆಳಗಾಗಿ ಜೋಡಿಸಿ ಅವರ ಮುಂದೆ ಎಸೆಯುವುದು ಹಿನ್ನೆಲೆ ಕೊಟ್ಟಂತಾಗುವುದಿಲ್ಲ, ಹಿನ್ನೆಲೆ ಹುಡುಕುವ ಕೆಲಸ ಕೊಟ್ಟಂತಾಗುತ್ತದೆ. ಕಡತ ಮೇಲಕ್ಕೆ ಹೋಗುವಾಗ ಗುಮಾಸ್ತ ಮೊದಲ ಕಂಡಿಕೆಯಲ್ಲಿ ಪ್ರಕರಣದ ಸಾರಾಂಶ ಬರೆಯುತ್ತಿದ್ದ. ನಾವೂ ಐದು ಸಾಲಿನ ಸಾರಾಂಶ ಬರೆಯಬಹುದು. ಅಗತ್ಯವಿದ್ದರೆ ಆ ಒಂದು ಮುಖ್ಯ ಓಲೆಯನ್ನು, ಓದಿ ನೋಡಿದ ಮೇಲೆ, ಪ್ರತ್ಯೇಕವಾಗಿ ಕಳುಹಿಸಬಹುದು. ಯಾವುದನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂದು ಆಗ ನಿರ್ಧರಿಸುವವರು ನಾವಾಗಿರುತ್ತೇವೆ.

ಹಾಗಾದರೆ ಮಾಡಬೇಕಾದದ್ದೇನು? ವೈಯಕ್ತಿಕ ಮಟ್ಟದಲ್ಲಿ ಕೆಲಸ ಅತಿ ಸುಲಭ. ಉತ್ತರ ಬರೆದ ಮೇಲೆ ಕೆಳಗಿನದನ್ನೆಲ್ಲ ಒಮ್ಮೆ ತೆರೆದು ನೋಡಿ, ಬೇಕಾದ ಎರಡು ಸಾಲು ಉಳಿಸಿ ಮಿಕ್ಕಿದ್ದನ್ನು ಅಳಿಸುವುದು. ಥಂಡರ್‌ಬರ್ಡ್, ಆಪಲ್ ಮೇಲ್ ಮೊದಲಾದವುಗಳಲ್ಲಿ ಬೇಕಾದ ಸಾಲುಗಳನ್ನು ಮೌಸಿನಿಂದ ಆಯ್ದು ಆಮೇಲೆ 'ಉತ್ತರಿಸು' ಒತ್ತಿದರೆ ಅಷ್ಟೇ ಭಾಗ ಉದ್ಧೃತವಾಗುವ ಅನುಕೂಲವಿದೆ. ಔಟ್‌ಲುಕ್‌ನಲ್ಲಿ ಉತ್ತರದೊಂದಿಗೆ ಮೂಲ ಓಲೆಯನ್ನು ಸೇರಿಸಬೇಡ ಎಂದು ಒಮ್ಮೆ ಹೇಳಿಟ್ಟರೆ ಸಾಕು. ವಿಷಯ ಬದಲಾದರೆ ಹೊಸ ಓಲೆಯನ್ನೇ ಬರೆಯಬೇಕು. ಮಂಡಿನೋವಿನ ತಲೆಬರಹದ ಕೆಳಗೆ ನೇಮದ ದಿನ ಹೋಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹೊಸಬರೊಬ್ಬರ ವಿಳಾಸವನ್ನು ಸೇರಿಸುವ ಮುನ್ನ ಬಾಲವನ್ನು ಪೂರ್ತಿ ಓದಬೇಕು. ಮೊಬೈಲಿನ ಚಿಕ್ಕ ಪರದೆಯಲ್ಲಿ ಅಳಿಸುವುದು ಕಷ್ಟ ಎಂದು ಕಂಡರೆ, ಹೊಸಬರಿಗೆ ಹೊಸ ಓಲೆ ಬರೆಯುವುದಂತೂ ಕಷ್ಟವಲ್ಲ.

ಸಂಸ್ಥೆಗಳ ಮಟ್ಟದಲ್ಲಿ ಇನ್ನೂ ಹೆಚ್ಚು ಮಾಡಬಹುದು. ಸಾವಿರಾರು ಜನ ದುಡಿಯುವ ಕಂಪೆನಿ, ವಿಶ್ವವಿದ್ಯಾಲಯ, ಬ್ಯಾಂಕು, ಸರ್ಕಾರಿ ಇಲಾಖೆಗಳಲ್ಲಿ ಸಿಬ್ಬಂದಿಯ ಗಣಕಗಳ ಸೆಟ್ಟಿಂಗ್ ನಿರ್ಧರಿಸುವ ವಿಭಾಗವೊಂದು ಇದ್ದೇ ಇರುತ್ತದೆ. ಅದು ಒಂದು ದಿನ ಕುಳಿತು ಉತ್ತರದ ಕ್ರಮವನ್ನು ಬದಲಿಸಬಹುದು. ಸಂಸ್ಥೆಯ ಒಳಗೇ ಓಡಾಡುವ ಓಲೆಗಳಿಗೆ ಲಾಂಛನ, ಕಾನೂನು ಎಚ್ಚರಿಕೆ ಬೇಡವೆಂದು ತೀರ್ಮಾನಿಸಬಹುದು. ಕಾಗದದ ಕಡತ ಬಿಟ್ಟು ಪರದೆಯ ಕಡತಕ್ಕೆ ಹೋಗುತ್ತಿರುವ ಸರ್ಕಾರಿ ಕಚೇರಿಗಳು ವಿಷಯ, ಉಲ್ಲೇಖ, ಕಂಡಿಕೆಗಳ ಹಳೆಯ ಶಿಸ್ತನ್ನು ಇ-ಮೇಲಿನಲ್ಲೂ ಉಳಿಸಿಕೊಳ್ಳಬೇಕು. ಹೊಸ ಯಂತ್ರದ ಜೊತೆಗೆ ಅದರ ಕೆಟ್ಟ ಅಭ್ಯಾಸವನ್ನೂ ಕಲಿಯಬೇಕೆಂಬ ನಿಯಮವೇನಿಲ್ಲ. ನಮ್ಮ ಶಾಲೆಗಳಲ್ಲಿ ಪತ್ರಲೇಖನವನ್ನು ಇಂದಿಗೂ ಕಲಿಸುತ್ತೇವೆ. 'ಇವರಿಂದ, ಇವರಿಗೆ' ಕಲಿಸುವ ಜೊತೆಗೆ ಓಲೆಗೆ ಉತ್ತರ ಬರೆಯುವುದು ಹೇಗೆ ಎಂಬ ಅರ್ಧ ಪುಟವನ್ನೂ ಸೇರಿಸಿದರೆ ಪರೀಕ್ಷೆಗೂ ಬದುಕಿಗೂ ಉಪಯೋಗವಾದೀತು.

ದೊಡ್ಡಪ್ಪನವರು ಈಗಿಲ್ಲ. ನೇಮ ಮುಗಿದು ನಾನು ಬೆಂಗಳೂರಿಗೆ ಮರಳಿದ ಎರಡು ವಾರಕ್ಕೆ, ಸೈಬರ್ ಅಂಗಡಿಯ ಹುಡುಗನಿಂದ ಬೆರಳಚ್ಚು ಮಾಡಿಸಿ ಅವರು ಮಕ್ಕಳಿಬ್ಬರಿಗೂ ನನಗೂ ಒಂದು ಓಲೆ ಕಳುಹಿಸಿದ್ದರು. ವಿಷಯ: ತೋಟ. ಉಲ್ಲೇಖ: ನಿಮ್ಮ ಜನವರಿ ತಿಂಗಳ ಓಲೆಗಳು. ಅದರ ಕೆಳಗೆ ಎರಡೇ ಸಾಲು. ತಾವು ಇರುವವರೆಗೆ ತೋಟ ಇರಲಿ, ಬಳಿಕ ನಿಮ್ಮ ಇಷ್ಟ. ಇಂಥ ಮಾತನ್ನು ಇನ್ನು ಮುಂದೆ ತಮ್ಮೆದುರಿಗೇ ಆಡಬಹುದು, ತಾವು ಬೇಸರಿಸುವವರಲ್ಲ ಎಂದಿತ್ತು. ಮಕ್ಕಳು ಹಾಗೆಯೇ ನಡೆದುಕೊಂಡರು. ಆ ಓಲೆಗೆ ಬಾಲವಿರಲಿಲ್ಲ. ಹೇಳಬೇಕಾದದ್ದು ಒಂದೂ ಬಿಟ್ಟುಹೋಗಿರಲಿಲ್ಲ.

ಇಂದು ಸಂಜೆಯ ಒಳಗೆ ಓದುಗರಲ್ಲಿ ಹಲವರು ಯಾವುದಾದರೂ ಓಲೆಗೆ ಉತ್ತರ ಬರೆಯುವವರಿದ್ದೀರಿ. ಕಳುಹಿಸುವ ಮುನ್ನ ಆ ಮೂರು ಚುಕ್ಕೆಗಳನ್ನು ಒಮ್ಮೆ ಒತ್ತಿ ನೋಡಿ ಎಂಬುದಷ್ಟೇ ನನ್ನ ವಿನಂತಿ. ಅಲ್ಲಿರುವುದು ಓದುವವರಿಗೆ ಬೇಕಾದದ್ದೇ ಆದರೆ ಇರಲಿ. ಬೇಡವಾದದ್ದಾದರೆ ಅಳಿಸಲು ಬೇಕಾಗುವುದು ಅರ್ಧ ನಿಮಿಷ. ಅಷ್ಟು ಸಮಯವನ್ನು ನಾನು 2010ರ ಜನವರಿಯ ಆ ರಾತ್ರಿ ಕೊಡಲಿಲ್ಲ.